ಮೈಲ್ 104ರ ಗೇಜ್ ಯಾರ ಕೈಯಲ್ಲಿದೆ?

ತುಂಗಭದ್ರಾ ಡ್ಯಾಂ ತುಂಬಿ ಕ್ರೆಸ್ಟ್ ಗೇಟ್ ತೆರೆದು ನದಿಗೆ ನೀರು ಬಿಡುವ ವರ್ಷದಲ್ಲೂ ಅದರ ಎಡದಂಡೆ ನಾಲೆಯ ಕೆಳಭಾಗದ ಸಿರವಾರ, ಮಾನ್ವಿ, ರಾಯಚೂರು ಕಡೆಯ ರೈತರು ನೀರಿಗಾಗಿ ರಸ್ತೆಯಲ್ಲಿ ಕೂರುತ್ತಾರೆ. "ತುಂಗಭದ್ರೆ ತುಂಬಿದೆಯಲ್ಲ, ಮತ್ತೇನು?" ಅಂತ ಕೇಳುವವರು ಈ ನಾಲೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ನಾಲೆಯ ಉದ್ದ 227 ಕಿ.ಮೀ., ಅಂದರೆ 141 ಮೈಲ್. ತಲೆಯಲ್ಲಿ, ಅಂದರೆ ಶುರುವಾಗುವ ಕಡೆ, ಅದರ ಸಾಮರ್ಥ್ಯ 4,100 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ). ಅಚ್ಚುಕಟ್ಟು, ಅಂದರೆ ನಾಲೆಯ ನೀರು ಸಿಗಬೇಕಾದ ಜಮೀನು, ಸುಮಾರು 6 ಲಕ್ಷ ಎಕರೆ. ಒಂದು ಕ್ಯೂಸೆಕ್ ನೀರು 24 ಗಂಟೆ ಹರಿದರೆ ಎರಡು ಎಕರೆಯಲ್ಲಿ ಒಂದು ಅಡಿ ನಿಲ್ಲುತ್ತದೆ. ಸೋರಿಕೆ, ಆವಿ ಯಾವುದನ್ನೂ ಕಳೆಯದೆ ಎಲ್ಲ ಎಕರೆಗೂ ಹಂಚಿದರೆ ದಿನಕ್ಕೆ ಸಿಗುವುದು ಬರೀ 4 ಮಿಲಿಮೀಟರ್. ಜೋಳಕ್ಕೆ, ಹತ್ತಿಗೆ ಇಷ್ಟು ಸಾಕು. ಭತ್ತಕ್ಕೆ ಇದರ ಎರಡು ಪಟ್ಟಾದರೂ ಬೇಕು.

ನಾಲೆ ಕಟ್ಟಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಅಂತ ನಿಗದಿ ಮಾಡಿದರು. ಬಹುಪಾಲು ಅರೆ ನೀರಾವರಿ (ಕಡಿಮೆ ನೀರಿನ ಬೆಳೆ), ಭತ್ತಕ್ಕೆ ಸಣ್ಣ ಪಾಲು. ಆ ನಿಯಮ ಇವತ್ತಿಗೂ ರದ್ದಾಗಿಲ್ಲ, ಜಾರಿಯಲ್ಲೂ ಇಲ್ಲ. ನಾಲೆಯ ಮೇಲ್ಭಾಗದ ಗಂಗಾವತಿ, ಸಿಂಧನೂರು ಭತ್ತದ ಕಣಜ ಆಗಿದ್ದು ಹೀಗೆ. ಮೇಲ್ಭಾಗದ ರೈತನನ್ನು ನಾನು ದೂರುವುದಿಲ್ಲ. ಭತ್ತಕ್ಕೆ ಊರ ಪಕ್ಕದಲ್ಲೇ ರೈಸ್ ಮಿಲ್ ಇದೆ, ಮುಂಗಡ ಕೊಡುವ ವ್ಯಾಪಾರಿ ಇದ್ದಾನೆ. ಜೋಳ ಬೆಳೆದವನಿಗೆ ಇವೆರಡೂ ಇಲ್ಲ. ಬೆಂಬಲ ಬೆಲೆಯ ಖರೀದಿ ಕೇಂದ್ರ ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ಸಿಕ್ಕಿದ ದರಕ್ಕೆ ಮಾರುತ್ತಾನೆ. ಇಂಥ ಕಡೆ ಕಾಗದದ ಮೇಲಿನ ಬೆಳೆ ಪದ್ಧತಿಯನ್ನು ಯಾರು ಪಾಲಿಸುತ್ತಾರೆ? ಅತಿಯಾಗಿ ನೀರು ನಿಂತ ಮೇಲ್ಭಾಗದ ಹೊಲಗಳೂ ಸವಳು-ಜವಳಾಗಿ ಕೆಟ್ಟಿವೆ.

ಇನ್ನು ಗೇಜ್. ನಾಲೆಯಲ್ಲೂ ಉಪಕಾಲುವೆಯ ತಲೆಯಲ್ಲೂ ನೀರಿನ ಆಳ ನೋಡಲು ಅಡಿ ಲೆಕ್ಕ ಬರೆದ ಪಟ್ಟಿ ಇರುತ್ತದೆ, ಅದೇ ಗೇಜ್. ಅದರಲ್ಲಿ ನೀರು 4 ಅಡಿಯಿಂದ 3 ಅಡಿಗೆ ಇಳಿದರೆ ಕಾಲು ಭಾಗ ಕಡಿಮೆಯಾಯಿತು ಅಂದುಕೊಳ್ಳುತ್ತೇವೆ. ಆಳ ಇಳಿದಾಗ ವೇಗವೂ ಇಳಿಯುತ್ತದೆ, ಹಾಗಾಗಿ ಹರಿವು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿದ್ದಿರುತ್ತದೆ. ಮೇಲೆ ರಾತ್ರಿ ಯಾರೋ ಗೇಟಿನ ರಾಡ್ ನಾಲ್ಕು ಸುತ್ತು ತಿರುಗಿಸುತ್ತಾರೆ, ದಂಡೆ ಅಗೆದು ಪೈಪ್ ಹೂಳುತ್ತಾರೆ, ಪಂಪ್‌ಸೆಟ್ ಇಳಿಸುತ್ತಾರೆ. ಇವೆಲ್ಲ ಸೇರಿ 69ನೇ ಮೈಲ್‌ನಲ್ಲಿ ಗೇಜ್ ಸ್ವಲ್ಪ ಕುಸಿದರೆ, 104ನೇ ಮೈಲ್‌ಗೆ ಬರುವ ಹೊತ್ತಿಗೆ ಕೆಳಗಿನ ತೂಬುಗಳ ಮಟ್ಟಕ್ಕೇ ನೀರು ಏರುವುದಿಲ್ಲ. ನಾಲೆಯಲ್ಲಿ ನೀರು ಕಾಣುತ್ತದೆ, ಹೊಲಕ್ಕೆ ಹತ್ತುವುದಿಲ್ಲ. ರಾಯಚೂರು ನಗರಕ್ಕೆ ಕುಡಿಯುವ ನೀರು ಕೊಡುವ ಗಣೇಕಲ್ ಜಲಾಶಯವೂ ಇದೇ ನಾಲೆಯನ್ನು ನಂಬಿಕೊಂಡಿದೆ.

ಕಾನೂನಿಗೇನೂ ಬರವಿಲ್ಲ. 1965ರ ಕರ್ನಾಟಕ ನೀರಾವರಿ ಕಾಯ್ದೆ ಇದೆ. ಅಕ್ರಮ ಪಂಪ್‌ಸೆಟ್ ತಡೆಯಲೆಂದೇ 2024ರಲ್ಲಿ ತಿದ್ದುಪಡಿಯಾಗಿ ಶಿಕ್ಷೆ ಹೆಚ್ಚಿತು. ಆದರೆ ಪೈಪ್ ಕೀಳಬೇಕಾದ ಎಂಜಿನಿಯರ್ ನಾಳೆ ವರ್ಗವಾಗಬಹುದು. ಗೇಟ್ ಕಾಯುವ ಗ್ಯಾಂಗ್‌ಮನ್ ಗುತ್ತಿಗೆಯವನು, ತಿಂಗಳುಗಟ್ಟಲೆ ಸಂಬಳ ಬಾಕಿ ಇರುವ ಅವನು ನಡುರಾತ್ರಿ ಹತ್ತು ಜನರನ್ನು ಎದುರು ಹಾಕಿಕೊಳ್ಳಬೇಕು ಅಂತ ನಿರೀಕ್ಷಿಸುವುದೇ ಅನ್ಯಾಯ. ನೀರು ಬಳಕೆದಾರರ ಸಂಘಗಳು ಉಪಕಾಲುವೆಯಲ್ಲಿ ನೀರನ್ನು ಅಳತೆ ಮೇಲೆ ಖರೀದಿಸಿ ಹಂಚಬೇಕೆಂದು 2000ದಲ್ಲಿ ಕಾಯ್ದೆ ತಿದ್ದಿದರು. ಅಳತೆಯೇ ಸರಿಯಿಲ್ಲದ ಕಡೆ ಸಂಘ ಏನನ್ನು ಕೊಳ್ಳಬೇಕು, ಏನನ್ನು ಹಂಚಬೇಕು?

ಡ್ಯಾಂನಲ್ಲೂ ಇದೇ ಕಥೆ. ಮೊದಲು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿದ್ದದ್ದು ಹೂಳಿನಿಂದ 105.788ಕ್ಕೆ ಬಂದಿದೆ. ಆ ನಷ್ಟ ತುಂಬಲು ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಮಾತು ಬಂದಾಗಲೆಲ್ಲ ನದಿಯ ನೀರಿನಲ್ಲಿ ಪಾಲಿರುವ ಆಂಧ್ರ, ತೆಲಂಗಾಣದ ಒಪ್ಪಿಗೆಗೆ ಕಾಯಬೇಕು. 2024ರ ಆಗಸ್ಟ್ 10ರ ರಾತ್ರಿ 33 ಗೇಟ್‌ಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಸುಮಾರು 70 ವರ್ಷದ ಗೇಟ್ ಅದು. ಇಷ್ಟು ಹಳೆಯದಾಗುವ ಮುಂಚೆಯೇ ಗೇಟ್ ಬದಲಿಸುವ ಹೊಣೆ ಯಾರದು ಎಂಬ ಪ್ರಶ್ನೆ ಡ್ಯಾಂ ನೋಡಿಕೊಳ್ಳುವ ತುಂಗಭದ್ರಾ ಮಂಡಳಿ ಮತ್ತು ರಾಜ್ಯಗಳ ನಡುವೆ ಓಡಾಡುತ್ತಲೇ ಇರುತ್ತದೆ. ಬೆಳೆ ಕಳೆದುಕೊಳ್ಳುವವನು ಮಾತ್ರ ರೈತ.

ಆಗಬೇಕಾದದ್ದು ದೊಡ್ಡ ಯೋಜನೆಯೇನಲ್ಲ. 47, 69, 104ನೇ ಮೈಲ್‌ಗಳ ಗೇಜ್ ಗಂಟೆಗೊಮ್ಮೆ ಎಲ್ಲರ ಮೊಬೈಲಿಗೆ ಬರಲಿ. ನೀರಾವರಿ ಸಲಹಾ ಸಮಿತಿ ನೀರು ಬಿಡುವ ದಿನಾಂಕದ ಜೊತೆಗೆ ಯಾವ ಮೈಲ್‌ನಲ್ಲಿ ಎಷ್ಟು ಗೇಜ್ ಇರಬೇಕು, ಅದು ಕುಸಿದರೆ ಯಾವ ಅಧಿಕಾರಿ ಉತ್ತರ ಕೊಡಬೇಕು ಅಂತಲೂ ಬರೆಯಲಿ. ಆನ್ ಅಂಡ್ ಆಫ್ ಸರದಿಯನ್ನು (ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವುದನ್ನು) ಕೆಳಭಾಗದಿಂದ ಶುರುಮಾಡಲಿ. ನಾಲೆಯ ಎಂಜಿನಿಯರ್‌ಗಳನ್ನು ಎರಡು ಬೆಳೆ ಮುಗಿಯುವವರೆಗೆ ಕದಲಿಸಬಾರದು. ಗ್ಯಾಂಗ್‌ಮನ್‌ಗಳ ಸಂಬಳ ತಿಂಗಳು ತಿಂಗಳು ಆಗಬೇಕು. ಜೋಳ, ತೊಗರಿಯ ಖರೀದಿ ಕೇಂದ್ರ ಕೊಯ್ಲಿಗೆ ಮೊದಲೇ ತೆರೆದಿರಬೇಕು, ಆಗಷ್ಟೇ ಮೇಲ್ಭಾಗದವರಿಗೆ ಭತ್ತ ಬಿಡಿ ಅಂತ ಹೇಳುವ ಬಾಯಿ ನಮಗಿರುತ್ತದೆ.

ಈ ಹಂಗಾಮಿನ ಸಲಹಾ ಸಮಿತಿ ಸಭೆಗೆ ಹೋಗುವ ಶಾಸಕರನ್ನು ನಿಮ್ಮೂರಿನವರು ಕೇಳಬೇಕಾದದ್ದು ಒಂದೇ: ಮೈಲ್ 104ಕ್ಕೆ ಎಷ್ಟು ಅಡಿ, ಯಾವ ದಿನದಿಂದ, ಯಾರ ಸಹಿ?