ಇನ್ನೊಂದು ದಿನ ಮೊದಲು ಹುಟ್ಟಬಾರದಿತ್ತೇ?

ವಯಸ್ಸನ್ನು ಮರೆಮಾಚಲು ಗಂಡಸರು ಪಡುವ ಪಾಡು ಎಲ್ಲರಿಗೂ ತಿಳಿದದ್ದೇ. ಆದರೆ ಐವತ್ತೊಂಬತ್ತರ ಮ್ಯಾರಥಾನ್ ಓಟಗಾರನೊಬ್ಬನ ವಯಸ್ಸು ಕೇಳಿ ನೋಡಿ. 'ಬರುವ ಏಪ್ರಿಲ್‌ಗೆ ಅರವತ್ತು' ಎಂದು, ಬಡ್ತಿಯ ಆದೇಶ ಕೈಸೇರಿದವನ ಗತ್ತಿನಲ್ಲಿ ಹೇಳುತ್ತಾನೆ. ಅರವತ್ತಕ್ಕೆ ಅರಳುಮರಳು ಎಂದ ನಮ್ಮ ಹಿರಿಯರಿಗೆ ಅಮೆರಿಕದ ಬಾಸ್ಟನ್ ಮ್ಯಾರಥಾನಿನ ಅರ್ಹತಾ ಪಟ್ಟಿ ಗೊತ್ತಿರಲಿಲ್ಲ.

1897ರಲ್ಲಿ ಆರಂಭವಾದ ಆ ಓಟಕ್ಕೆ, ದತ್ತಿ ಸಂಸ್ಥೆಗಳ ಮೂಲಕ ಹೋಗುವವರನ್ನು ಬಿಟ್ಟರೆ, ಹಣ ಕಟ್ಟಿದ ಮಾತ್ರಕ್ಕೆ ಪ್ರವೇಶ ದೊರೆಯುವುದಿಲ್ಲ. ಬೇರೊಂದು ಮ್ಯಾರಥಾನನ್ನು ತನ್ನ ವಯೋವರ್ಗಕ್ಕೆ ಗೊತ್ತುಮಾಡಿದ ಸಮಯದೊಳಗೆ ಓಡಿ ಮುಗಿಸಿರಬೇಕು. 2026ರ ಓಟಕ್ಕೆ ಜಾರಿಗೆ ಬಂದ ಪಟ್ಟಿಯ ಪ್ರಕಾರ 34 ವರ್ಷದವರೆಗಿನ ಪುರುಷರಿಗೆ 2 ಗಂಟೆ 55 ನಿಮಿಷ, 55ರಿಂದ 59ರವರಿಗೆ 3 ಗಂಟೆ 30 ನಿಮಿಷ, 60ರಿಂದ 64ರವರಿಗೆ 3 ಗಂಟೆ 50 ನಿಮಿಷ. ಅಂದರೆ ಹದಿನೆಂಟರ ಹುಡುಗ ಮೀಸೆ ಬೆಳೆಸಿ, ಮಕ್ಕಳನ್ನು ಸಾಕಿ, ಮಂಡಿ ಸವೆಸಿಕೊಂಡು ಐವತ್ತೊಂಬತ್ತು ಮುಟ್ಟುವ ತನಕ ಓಟ ನಡೆಸುವ ಸಂಸ್ಥೆ ಅವನಿಗೆ ಕೊಡುವ ಒಟ್ಟು ರಿಯಾಯಿತಿ 35 ನಿಮಿಷ. ಅರವತ್ತನೆಯ ಹುಟ್ಟುಹಬ್ಬದ ಒಂದೇ ರಾತ್ರಿಯಲ್ಲಿ ಕೊಡುವುದು 20 ನಿಮಿಷ. ಮೊದಲು ಈ ಜಿಗಿತ 15 ನಿಮಿಷದ್ದಾಗಿತ್ತು. ಅರ್ಜಿಗಳು ಹೆಚ್ಚಾದವೆಂದು ಅರವತ್ತರ ಕೆಳಗಿನ ಎಲ್ಲರ ಸಮಯದಿಂದಲೂ ಐದೈದು ನಿಮಿಷ ಕಿತ್ತುಕೊಂಡ ಸಂಸ್ಥೆ ಹಿರಿಯರನ್ನು ಮಾತ್ರ ಮುಟ್ಟಲಿಲ್ಲ. ಹೀಗಾಗಿ ಐವತ್ತೊಂಬತ್ತರವನು ಕಿಲೋಮೀಟರಿಗೆ ಐದು ನಿಮಿಷದ ಒಳಗೇ ಏದುಸಿರು ಬಿಡುತ್ತಾ ಓಡಬೇಕಾದರೆ, ಅರವತ್ತರವನು ಐದೂವರೆ ನಿಮಿಷಕ್ಕೆ ತುಸು ಕಡಿಮೆ ತೆಗೆದುಕೊಂಡು ಅಕ್ಕಪಕ್ಕದವರನ್ನು ಮಾತನಾಡಿಸುತ್ತಲೂ ಹೋಗಬಹುದು.

ಇದರ ಪರಿಣಾಮವಾಗಿ ತರಬೇತಿಯ ಶಾಸ್ತ್ರವೇ ತಲೆಕೆಳಗಾಗಿದೆ. ವಾರಾಂತ್ಯದ ಮೂವತ್ತು ಕಿಲೋಮೀಟರುಗಳ ಲಾಂಗ್ ರನ್, ನಡುವಾರದ ಇಂಟರ್ವಲ್ ಎಂಬ ಬಿಟ್ಟುಬಿಟ್ಟು ವೇಗವಾಗಿ ಓಡುವ ಕಸರತ್ತು, ಕಾರ್ಬನ್ ಪ್ಲೇಟಿನ ಬೂಟು, ಎದೆಬಡಿತ ಎಣಿಸುವ ಗಡಿಯಾರ, ಇವೆಲ್ಲ ಸೇರಿ ಐವತ್ತೆಂಟರ ದೇಹದಿಂದ ಎರಡು ನಿಮಿಷ ಹಿಂಡಿ ತೆಗೆದರೆ ಅದೇ ದೊಡ್ಡದು. ಪಂಚಾಂಗ ಸುಮ್ಮನೆ ಇಪ್ಪತ್ತು ನಿಮಿಷ ಕೊಡುತ್ತದೆ. ಆದ್ದರಿಂದ ಐವತ್ತೇಳು ತುಂಬಿದವರಿಗೆ ಅತ್ಯುತ್ತಮ ತರಬೇತಿಯೆಂದರೆ ಏನೂ ಮಾಡದೆ, ಹಿಮ್ಮಡಿಯ ನರವನ್ನೂ ಮಂಡಿಯ ಚಿಪ್ಪನ್ನೂ ಕಾಪಾಡಿಕೊಂಡು ವಯಸ್ಸಾಗುವುದು. ಓಟಕ್ಕೆ ಮುಂಚಿನ ವಾರಗಳಲ್ಲಿ ಓಡುವುದನ್ನು ತಗ್ಗಿಸುವ ಕ್ರಮಕ್ಕೆ ಓಟಗಾರರು ಟೇಪರ್ ಎನ್ನುತ್ತಾರೆ; ಅದನ್ನು ಎರಡು ವರ್ಷಗಳಿಗೆ ವಿಸ್ತರಿಸಲು ಯಾವ ಅಡ್ಡಿಯೂ ಇಲ್ಲ.

ಇನ್ನೂ ಸೊಗಸಾದ ಸಂಗತಿ ಮುಂದಿದೆ. ಲೆಕ್ಕಕ್ಕೆ ಬರುವುದು ಅರ್ಹತಾ ಓಟ ಓಡಿದ ದಿನದ ವಯಸ್ಸಲ್ಲ, ಬಾಸ್ಟನ್ ಓಟದ ದಿನದ ವಯಸ್ಸು. 2027ರ ಓಟಕ್ಕೆ 2025ರ ಸೆಪ್ಟೆಂಬರಿನಿಂದಲೇ ಅರ್ಹತೆ ಗಳಿಸಬಹುದಾದ್ದರಿಂದ, ಐವತ್ತೆಂಟರ ಗಟ್ಟಿಮುಟ್ಟಾದ ಕಾಲುಗಳಿಂದ ಓಡಿ, ಅರವತ್ತರ ವೃದ್ಧನ ಕರುಣೆಯನ್ನು ಪಡೆಯುವ ಅವಕಾಶ ಕೆಲವರಿಗಿದೆ. ಕೆಲವರಿಗೆ ಮಾತ್ರ. ಬಾಸ್ಟನ್ ಓಟ ನಡೆಯುವುದು ಏಪ್ರಿಲ್ ತಿಂಗಳ ಮೂರನೆಯ ಸೋಮವಾರ, 2027ರಲ್ಲಿ ಅದು 19ನೆಯ ತಾರೀಖು. 1967ರ ಏಪ್ರಿಲ್ 19ರಂದು ಹುಟ್ಟಿದವನು ಆ ದಿನ ಹಿರಿಯ ನಾಗರಿಕ, ಅವನಿಗೆ 3 ಗಂಟೆ 50 ನಿಮಿಷ. ಮರುದಿನ ಹುಟ್ಟಿದವನು ಇನ್ನೂ ಉಕ್ಕುವ ಯೌವನದಲ್ಲಿರುವುದರಿಂದ ಅವನಿಗೆ 3 ಗಂಟೆ 30 ನಿಮಿಷ. ಹೆರಿಗೆಯ ನೋವನ್ನು ಒಂದು ದಿನ ಮೊದಲೇ ತಂದುಕೊಳ್ಳದ ತಾಯಿಯ ಅಜಾಗರೂಕತೆಗೆ ಮಗ ಅರವತ್ತು ವರ್ಷಗಳ ನಂತರ ಇಪ್ಪತ್ತು ನಿಮಿಷ ದಂಡ ತೆರಬೇಕು.

ಇಷ್ಟೆಲ್ಲ ಆದ ಮೇಲೂ ಅರ್ಹತೆ ಗಳಿಸಿದವನು ಅರ್ಹನೆಂದು ಭಾವಿಸಬೇಕಾಗಿಲ್ಲ. ಅವನು ಅರ್ಹನಾಗಿರುವುದು ಅರ್ಜಿ ಹಾಕುವುದಕ್ಕೆ ಮಾತ್ರ. ಅರ್ಜಿಗಳು ಜಾಗಕ್ಕಿಂತ ಹೆಚ್ಚಾದಾಗ ಎಲ್ಲ ವರ್ಗಗಳಿಗೂ ಸಮನಾಗಿ ಇನ್ನಷ್ಟು ಸಮಯ ಕತ್ತರಿಸಲಾಗುತ್ತದೆ: 2025ರ ಓಟಕ್ಕೆ 6 ನಿಮಿಷ 51 ಸೆಕೆಂಡು, 2026ರದಕ್ಕೆ 4 ನಿಮಿಷ 34 ಸೆಕೆಂಡು. ಎಷ್ಟು ಕತ್ತರಿಸುತ್ತಾರೆಂಬುದು ಎಲ್ಲರೂ ಓಡಿ ಮುಗಿಸಿ ಅರ್ಜಿ ಹಾಕಿದ ಮೇಲಷ್ಟೇ ತಿಳಿಯುತ್ತದೆ. ಪರೀಕ್ಷೆ ಬರೆದು ಮುಗಿದ ಮೇಲೆ ಉತ್ತೀರ್ಣದ ಅಂಕ ನಿಗದಿ ಮಾಡುವ ಈ ಪದ್ಧತಿಯನ್ನು, ಮನೆಯಲ್ಲಿ ಮೊಮ್ಮಕ್ಕಳ ಅಂಕಪಟ್ಟಿ ಹಿಡಿದು ಗದರುವ ಅಜ್ಜಂದಿರು ತಕರಾರಿಲ್ಲದೆ ಒಪ್ಪಿಕೊಂಡಿದ್ದಾರೆ.

ಹುಟ್ಟುಹಬ್ಬಕ್ಕೆ ಕಾಯುವ ತಾಳ್ಮೆಯಿಲ್ಲದವರು ಬೆಟ್ಟದ ಮೇಲಿಂದ ಕೆಳಕ್ಕೆ ಓಡುವ ಮ್ಯಾರಥಾನುಗಳನ್ನು ಹುಡುಕಿಕೊಂಡರು. ಗುರುತ್ವಾಕರ್ಷಣೆಗೆ ವಯೋವರ್ಗವಿಲ್ಲವಷ್ಟೆ. 2027ರ ಓಟದಿಂದ ಅದಕ್ಕೂ ಸುಂಕ ಬಿದ್ದಿದೆ: ಆರಂಭದಿಂದ ಅಂತ್ಯಕ್ಕೆ 1,500 ಅಡಿ ಇಳಿದವರಿಗೆ 5 ನಿಮಿಷ, 3,000 ಅಡಿ ಇಳಿದವರಿಗೆ 10 ನಿಮಿಷ ಸೇರಿಸಲಾಗುವುದು, 6,000 ಅಡಿ ಇಳಿದವರ ಓಟ ಲೆಕ್ಕಕ್ಕೇ ಇಲ್ಲ. ಬಾಸ್ಟನ್ನಿನ ಹಾದಿಯೂ ವಿಶ್ವದಾಖಲೆಯ ನಿಯಮ ಒಪ್ಪುವುದಕ್ಕಿಂತ ಹೆಚ್ಚು ಇಳಿಜಾರಾದದ್ದರಿಂದ, 2011ರಲ್ಲಿ ಕೆನ್ಯಾದ ಜೆಫ್ರಿ ಮುತಾಯ್ ಅಲ್ಲಿ ಅದುವರೆಗೆ ಯಾರೂ ಓಡದ 2:03:02ರಲ್ಲಿ ಮುಗಿಸಿದರೂ ಅದು ದಾಖಲೆಯಾಗಲಿಲ್ಲ. ಈ ವಿಷಯವನ್ನು ಸುಂಕದ ಕಟ್ಟೆಯಲ್ಲಿ ಯಾರೂ ಎತ್ತುವುದಿಲ್ಲ.

ಈ ವ್ಯವಹಾರದ ನಡುವೆ ರಸಭಂಗ ಮಾಡಿದ ಒಬ್ಬ ಮನುಷ್ಯನಿದ್ದ. ಕೆನಡಾದ ಎಡ್ ವಿಟ್ಲಾಕ್ ಮನೆಯ ಹತ್ತಿರದ ಸ್ಮಶಾನದಲ್ಲಿ ಗಂಟೆಗಟ್ಟಲೆ ಸುತ್ತು ಹಾಕಿಯೇ ತರಬೇತಿ ಮಾಡಿ, 2004ರಲ್ಲಿ ಟೊರೊಂಟೊದಲ್ಲಿ, ತನ್ನ 73ನೆಯ ವಯಸ್ಸಿನಲ್ಲಿ 2 ಗಂಟೆ 54 ನಿಮಿಷ 48 ಸೆಕೆಂಡುಗಳಲ್ಲಿ ಮ್ಯಾರಥಾನ್ ಮುಗಿಸಿದ. ಇಂದು 34ರ ಯುವಕನಿಗೆ ಇಟ್ಟಿರುವ ಗಡಿಗಿಂತ ಇದು ಹನ್ನೆರಡು ಸೆಕೆಂಡು ಕಡಿಮೆ.

ಅರ್ಹತಾ ಪಟ್ಟಿ 80ಕ್ಕೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಎಷ್ಟೇ ವಯಸ್ಸಾದರೂ 4 ಗಂಟೆ 50 ನಿಮಿಷವೇ ಗತಿ, ಎಂಬತ್ತರ ಮೇಲೆ ಮನುಷ್ಯನಿಗೆ ವಯಸ್ಸಾಗುವುದಿಲ್ಲವೆಂದು ಸಂಸ್ಥೆ ತೀರ್ಮಾನಿಸಿದೆ. ಎಂಬತ್ತೈದಕ್ಕೊಂದು ಹೊಸ ವರ್ಗ ಬೇಕೆಂದು ಮನವಿ ಕೊಡಹೊರಟವರು ಮೊದಲು 2016ರ ಟೊರೊಂಟೊ ಓಟದ ಫಲಿತಾಂಶ ನೋಡಿಕೊಳ್ಳುವುದು ಒಳ್ಳೆಯದು: ಆ ವರ್ಷ, 85ನೆಯ ವಯಸ್ಸಿನಲ್ಲಿ, ಅದೇ ವಿಟ್ಲಾಕ್ ನಾಲ್ಕು ಗಂಟೆಯೊಳಗೇ ಮುಗಿಸಿ ಮನವಿಯ ಬುಡಕ್ಕೇ ಕೊಡಲಿ ಹಾಕಿ ಹೋಗಿದ್ದಾನೆ.