ಸಾಕರ್‌ಗೆ ಅಡ್ಡ ನಿಂತಿರುವುದು ಶುಲ್ಕ

ಅಮೆರಿಕದವರಿಗೆ ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟ) ಯಾಕೆ ಹಿಡಿಸದು ಎಂಬ ಲೇಖನ ಓದಿದೆ. ‘ಗೋಲು ಕಡಿಮೆ, ಹಾಗಾಗಿ ಅಮೆರಿಕದವರಿಗೆ ಸಾಕರ್ ರುಚಿಸದು’ ಎಂಬ ಅದರ ಲೇಖಕರ ಮಾತನ್ನು ಒಪ್ಪಲಾರೆ. ಅಲ್ಲಿ ನಡೆದ 1994ರ ವಿಶ್ವಕಪ್ ನೋಡಲು 35 ಲಕ್ಷಕ್ಕೂ ಹೆಚ್ಚು ಜನ ಕ್ರೀಡಾಂಗಣಕ್ಕೆ ಬಂದಿದ್ದರು. 1996ರಲ್ಲಿ 10 ತಂಡಗಳಿಂದ ಶುರುವಾದ ಅಲ್ಲಿನ ವೃತ್ತಿಪರ ಟೂರ್ನಿ ಮೇಜರ್ ಲೀಗ್ ಸಾಕರ್‌ನಲ್ಲಿ ಈಗ 30 ತಂಡಗಳಿವೆ. ಅಮೆರಿಕದ ಮಹಿಳೆಯರಂತೂ ನಾಲ್ಕು ಬಾರಿ ವಿಶ್ವಕಪ್ ಗೆದ್ದಿದ್ದಾರೆ (ಲೇಖನಕ್ಕೆ ಅದು ನೆನಪೇ ಆಗಿಲ್ಲ). ತೊಡಕಿರುವುದು ದುಡ್ಡಿನಲ್ಲಿ. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗ ಕ್ಲಬ್ ತಂಡಕ್ಕೆ ಆಯ್ಕೆಯಾದಾಗ, ಸಮವಸ್ತ್ರಕ್ಕಿಂತ ಮೊದಲು ಮನೆಗೆ ಬಂದದ್ದು ಸಾವಿರಾರು ಡಾಲರಿನ ಶುಲ್ಕದ ಪಟ್ಟಿ. ಪಂದ್ಯಕ್ಕೆಂದು ಊರೂರು ಸುತ್ತುವ ಹೋಟೆಲ್ ಖರ್ಚು ಬೇರೆ. ಅವನ ಜೊತೆ ಬೀದಿಯಲ್ಲಿ ಆಡುತ್ತಿದ್ದ, ಅವನಿಗಿಂತ ಚುರುಕಾದ ಹುಡುಗನೊಬ್ಬ ಆಯ್ಕೆಯ ದಿನ ಅತ್ತ ಸುಳಿಯಲೇ ಇಲ್ಲ. ಬ್ಯಾಸ್ಕೆಟ್‌ಬಾಲ್‌ಗಾದರೆ ಬಡಾವಣೆಯ ಪಾರ್ಕಿನಲ್ಲೊಂದು ಬುಟ್ಟಿ ಸಾಕು.