ಆರೋಗ್ಯ ನಿಮ್ಮ ಕೈಯಲ್ಲಿದೆ, ನಲ್ಲಿ ಮಾತ್ರ ಬೇರೆಯವರ ಕೈಯಲ್ಲಿ

"ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ" ಎಂಬ ಪೋಸ್ಟರನ್ನು ಮೊದಲು ಬರೆದ ಪುಣ್ಯಾತ್ಮ ಯಾರೋ ಏನೋ, ಸರ್ಕಾರಗಳಿಗೆ ಅವನಷ್ಟು ದುಡ್ಡು ಉಳಿಸಿಕೊಟ್ಟವರು ಇನ್ನೊಬ್ಬರಿಲ್ಲ. ಗೋಡೆಗೆಲ್ಲ ಬೂಸ್ಟು ಹಿಡಿದು ಮಗುವಿಗೆ ಉಬ್ಬಸವಾ? ಬೆಳಗಿನ ಶುದ್ಧ ಗಾಳಿ ಸೇವಿಸಿ. ರಾತ್ರಿ ಪಾಳಿ ಮುಗಿಸಿ ಬಂದ್ರಾ? ಬೇಗ ಮಲಗಿ ಬೇಗ ಏಳಿ. ಎರಡು ಕಡೆ ದುಡಿದರೂ ಬಾಡಿಗೆಗೆ ಸಾಲುತ್ತಿಲ್ಲವಾ? ಟೆನ್ಷನ್ ಮಾಡ್ಕೋಬೇಡಿ, ಬಿಪಿ ಏರುತ್ತೆ. ನಡೆಯಲು ಫುಟ್‌ಪಾತೇ ಇಲ್ಲದವರಿಗೂ ಹೆಜ್ಜೆ ಎಣಿಸುವ ಮೊಬೈಲ್ ಆಪ್ ಇದೆ. ಇವತ್ತು ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ಮಲಗುವ ಹೊತ್ತಿಗೆ ಸರಿಯಾಗಿ ಬೈಯುತ್ತದೆ.

ಜನಸಮುದಾಯದ ಆರೋಗ್ಯ ಅಂತ ಒಂದು ಶಾಸ್ತ್ರವಿದೆ. "ಈ ಮನುಷ್ಯನಿಗೆ ಯಾಕೆ ಕಾಯಿಲೆ ಬಂತು?" ಅಂತ ಡಾಕ್ಟರು ಕೇಳುತ್ತಾರೆ. ಈ ಶಾಸ್ತ್ರ ಕೇಳುವುದು, "ಈ ಕೇರಿಯಲ್ಲಿ ಇಷ್ಟೊಂದು ಜನಕ್ಕೆ ಬಂದದ್ದು ಆ ಬಡಾವಣೆಯಲ್ಲಿ ನಾಲ್ಕೇ ಜನಕ್ಕೆ ಯಾಕೆ ಬಂತು?" ಅಂತ. ಉತ್ತರ ಹುಡುಕುತ್ತಾ ಹೋದರೆ ಆಸ್ಪತ್ರೆ ಸಿಗುವ ಮೊದಲೇ ನೀರು, ಮೋರಿ, ಕೂಲಿ, ಮನೆ, ಶಾಲೆ ಎಲ್ಲ ಎದುರಾಗುತ್ತವೆ. ಇಂಗ್ಲೆಂಡಿನಲ್ಲಿ ಕ್ಷಯದಿಂದ ಸಾಯುವವರ ಪ್ರಮಾಣ, 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಎಂಬ ಕ್ಷಯದ ಔಷಧಿ ಬರುವ ಎಷ್ಟೋ ಮೊದಲೇ, ಬಹಳ ಮಟ್ಟಿಗೆ ಇಳಿದುಹೋಗಿತ್ತು. ಅದು ಊಟದಿಂದಲಾ, ಮನೆಯಿಂದಲಾ, ನೈರ್ಮಲ್ಯದಿಂದಲಾ ಅಂತ ಪಂಡಿತರು ಇನ್ನೂ ಜಗಳ ಆಡುತ್ತಾರೆ. ಪೋಸ್ಟರಿನಿಂದ ಅಂತ ಮಾತ್ರ ಯಾರೂ ಹೇಳಿಲ್ಲ.

ಇಂಥ ಉತ್ತರ ಕೊಟ್ಟವರ ಗತಿ ಏನಾಯಿತು ನೋಡಿ. 1848ರಲ್ಲಿ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಬಡ ಸೀಮೆ ಅಪ್ಪರ್ ಸೈಲೀಸಿಯಾದಲ್ಲಿ ಟೈಫಸ್ ಜ್ವರ ಹಬ್ಬಿದಾಗ ಅಲ್ಲಿನ ಸರ್ಕಾರ ರುಡಾಲ್ಫ್ ವಿರ್ಖೋ ಎಂಬ ಯುವ ಡಾಕ್ಟರನ್ನು ಅಲ್ಲಿಗೆ ಕಳಿಸಿತು. ಯಾವುದೋ ಕಷಾಯದ ಹೆಸರು ಬರೆದುಕೊಂಡು ಬರುತ್ತಾನೆ ಅಂದುಕೊಂಡಿದ್ದರು ಅಂತ ಕಾಣುತ್ತದೆ. ಆಸಾಮಿ ಬರೆದುಕೊಟ್ಟ ಚೀಟಿಯಲ್ಲಿ ಇದ್ದ ಔಷಧಿಗಳು: ಪ್ರಜಾಪ್ರಭುತ್ವ, ಶಿಕ್ಷಣ, ರಸ್ತೆ, ಬಡವರ ತೆರಿಗೆ ಹೊರೆ ಇಳಿಸುವುದು. ಜೊತೆಗೆ ಆ ವರ್ಷದ ಕ್ರಾಂತಿಯಲ್ಲೂ ಕೈ ಹಾಕಿದ. ಮರುವರ್ಷ ಬರ್ಲಿನ್ನಿನ ಕೆಲಸ ಹೋಯಿತು.

ಇನ್ನು ಸಾಹೇಬರುಗಳ ಟೆನ್ಷನ್ ವಿಷಯ. ದೊಡ್ಡ ಕುರ್ಚಿಯಲ್ಲಿ ಕೂತವರಿಗೇ ಹೃದಯಾಘಾತ ಜಾಸ್ತಿ ಅಂತ ಜಗತ್ತೇ ನಂಬಿತ್ತು, ಸಾಹೇಬರೂ ಸಂತೋಷವಾಗಿ ನಂಬಿದ್ದರು. 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ 17,000ಕ್ಕೂ ಹೆಚ್ಚು ಬ್ರಿಟಿಷ್ ಸರ್ಕಾರಿ ನೌಕರರ ಲೆಕ್ಕ ಇಟ್ಟಿತು. ಎಲ್ಲರಿಗೂ ನೌಕರಿ ಇತ್ತು, ಎಲ್ಲರಿಗೂ ಅದೇ ಪುಕ್ಕಟೆ ಚಿಕಿತ್ಸೆ. ಆದರೂ ತೀರಾ ಕೆಳಗಿನ ದರ್ಜೆಯವರ, ಅಂದರೆ ಕಡತ ಹೊರುವವರು, ಬಾಗಿಲು ಕಾಯುವವರು ಇಂಥವರ ಸಾವಿನ ಪ್ರಮಾಣ ಮೇಲಿನ ಸಾಹೇಬರಿಗಿಂತ ಸುಮಾರು ಮೂರು ಪಟ್ಟು. ನಡುವೆ ಇದ್ದವರು ಲೆಕ್ಕದಲ್ಲೂ ನಡುವೆಯೇ ಇದ್ದರು, ಶಿಸ್ತು ಅಂದರೆ ಇದು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಕಳೆದರೂ ಅಂತರದ ಬಹುಪಾಲು ಹಾಗೇ ಉಳಿಯಿತು. (ಸಿಗರೇಟು ಒಳ್ಳೆಯದು ಅಂತ ಅರ್ಥ ಅಲ್ಲ, ದಯವಿಟ್ಟು ಈ ಸಾಲನ್ನು ಕತ್ತರಿಸಿ ಹಂಚಬೇಡಿ.) ಮುಂದಿನ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವರಿಗೆ ಹೃದಯದ ಕಾಯಿಲೆ ಹೆಚ್ಚು ಅಂತಲೂ ಗೊತ್ತಾಯಿತು. ಆಫೀಸುಗಳು ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡು, ಈಗ ಊಟದ ವಿರಾಮದಲ್ಲಿ ಕಡ್ಡಾಯವಾಗಿ ಧ್ಯಾನದ ಕ್ಲಾಸ್ ನಡೆಸುತ್ತಿವೆ.

ಆದರೆ ನನಗೆ ತುಂಬಾ ಇಷ್ಟವಾದದ್ದು ಬ್ಲ್ಯಾಕ್ ವರದಿಯ ಕಥೆ. ಉಚಿತ ಚಿಕಿತ್ಸೆ ಬಂದು ಇಷ್ಟು ವರ್ಷವಾದರೂ ಬಡವರು ಯಾಕೆ ಬೇಗ ಸಾಯುತ್ತಿದ್ದಾರೆ ಅಂತ ನೋಡಲು 1977ರಲ್ಲಿ ಬ್ರಿಟನ್ನಿನ ಲೇಬರ್ ಸರ್ಕಾರ ಸರ್ ಡಗ್ಲಸ್ ಬ್ಲ್ಯಾಕ್ ಅವರ ನೇತೃತ್ವದಲ್ಲಿ ಒಂದು ತಂಡ ಮಾಡಿತು. ಅವರು ಪಾಪ, ನಿಜವಾಗಲೂ ನೋಡಿಬಿಟ್ಟರು. ಮಕ್ಕಳ ಭತ್ಯೆ ಹೆಚ್ಚಿಸಿ, ಮನೆ ಸರಿ ಮಾಡಿ, ಬಡತನ ಇಳಿಸಿ ಅಂತ ಬರೆದರು. ಅಷ್ಟು ಹೊತ್ತಿಗೆ ಸರ್ಕಾರ ಬದಲಾಗಿತ್ತು. ಹೊಸಬರು ವರದಿಯನ್ನು ಬಚ್ಚಿಡಲಿಲ್ಲ, ಅದು ಒರಟು ಕೆಲಸ. 1980ರ ಆಗಸ್ಟಿನಲ್ಲಿ, ಸರಿಯಾಗಿ ಸಾರ್ವಜನಿಕ ರಜೆಯ ದಿನ, ಅಚ್ಚು ಹಾಕಿಸುವ ಗೋಜಿಗೂ ಹೋಗದೆ, 260 ನಕಲು ಪ್ರತಿ ತೆಗೆಸಿ ಬಿಟ್ಟರು. ಇಡೀ ದೇಶಕ್ಕೆ 260! ಮೇಲೊಂದು ಮುನ್ನುಡಿ, ಮಂತ್ರಿ ಪ್ಯಾಟ್ರಿಕ್ ಜೆಂಕಿನ್ ಅವರದ್ದು: ಇದಕ್ಕೆಲ್ಲ ತುಂಬಾ ಖರ್ಚು, ಈಗಲೂ ಆಗದು, ಮುಂದೆ ಕಣ್ಣಿಗೆ ಕಾಣುವಷ್ಟು ಕಾಲವೂ ಆಗದು ಅಂತ. ಹೀಗೆ ಮುಚ್ಚಲು ಹೋಗಿಯೇ ಅದು ಲೋಕಪ್ರಸಿದ್ಧವಾಯಿತು. ಪೋಸ್ಟರ್ ಬರೆಯುವವರಿಗೆ ಆ ಮಟ್ಟದ ಪ್ರಚಾರ ಕನಸಿನಲ್ಲೂ ಸಿಗದು.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ ಇನ್ನೊಂದು ಲೆಕ್ಕ ಕೊಟ್ಟಿತು. ಸ್ಕಾಟ್ಲೆಂಡಿನ ಗ್ಲಾಸ್ಗೋದ ಬಡವರ ಕೇರಿ ಕ್ಯಾಲ್ಟನ್‌ನಲ್ಲಿ ಹುಟ್ಟಿದ ಹುಡುಗನ ನಿರೀಕ್ಷಿತ ಆಯಸ್ಸು 54 ವರ್ಷ, ಕೆಲವೇ ಮೈಲಿ ಆಚೆ ಉಳ್ಳವರ ಲೆಂಜಿಯಲ್ಲಿ 82. ಮಳೆ ಅದೇ, ಆಸ್ಪತ್ರೆ ವ್ಯವಸ್ಥೆ ಅದೇ, ಸಲಹೆಯೂ ಅದೇ ಇದ್ದಿರಬೇಕು. ಕ್ಯಾಲ್ಟನ್ ಹುಡುಗನಿಗೆ ಸ್ವಲ್ಪ ಜಾಸ್ತಿಯೇ ಸಿಕ್ಕಿರಬಹುದು.

ಹಾಗಾದರೆ ಯಾವತ್ತೂ ಏನೂ ಆಗುವುದೇ ಇಲ್ಲವಾ ಅಂದರೆ, ಆಗುತ್ತದೆ. ಅದಕ್ಕೊಂದು ವಿಧಾನವಿದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಸುತ್ತ 600ಕ್ಕೂ ಹೆಚ್ಚು ಜನ ಕಾಲರಾಕ್ಕೆ ಸತ್ತಾಗ, ಕಾರಣ ಆ ಬೀದಿಯ ಪಂಪಿನ ನೀರು ಅಂತ ಡಾಕ್ಟರ್ ಜಾನ್ ಸ್ನೋ ಮನೆಮನೆ ಲೆಕ್ಕ ಹಾಕಿ ತೋರಿಸಿದರು. ಪಂಪಿನ ಹಿಡಿ ಬಿಚ್ಚಿದರು ನಿಜ, ಆದರೆ ಆರೋಗ್ಯ ಮಂಡಳಿ ಅವರ ಮಾತು ಒಪ್ಪಲಿಲ್ಲ. ಕೆಟ್ಟ ವಾಸನೆಯಿಂದಲೇ ಕಾಲರಾ ಅಂತ ಹಟ ಹಿಡಿಯಿತು. ಕೊನೆಗೆ ಹಿಡಿಯನ್ನೂ ವಾಪಸ್ ಜೋಡಿಸಿದರು. 1858ರ ಬೇಸಿಗೆಯಲ್ಲಿ ಸ್ನೋ ತೀರಿಕೊಂಡರು. ಅದೇ ಬೇಸಿಗೆಯಲ್ಲಿ ಥೇಮ್ಸ್ ನದಿ ಕೊಳೆತು ನಾರಿ, ನದಿದಂಡೆಯಲ್ಲೇ ಇದ್ದ ಸಂಸತ್ತಿನ ಒಳಗೆ ಆ ವಾಸನೆ ನುಗ್ಗಿತು. ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಲ್ಲಿ ಅದ್ದಿ ತೂಗುಹಾಕಿದರೂ ತಡೆಯಲಾಗಲಿಲ್ಲ. ವರ್ಷಗಟ್ಟಲೆ ಎಳೆದಾಡುತ್ತಿದ್ದ ಒಳಚರಂಡಿಯ ಕಾನೂನು ಕೆಲವೇ ವಾರಗಳಲ್ಲಿ ಪಾಸಾಯಿತು. ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರ್ ಚರಂಡಿ ಕಟ್ಟಿಸಿದರು, ವಾಸನೆಯ ಜೊತೆಗೆ ಕಾಲರಾವೂ ಲಂಡನ್ ಬಿಟ್ಟು ಹೋಯಿತು.

ಆದ್ದರಿಂದ ಜನಾರೋಗ್ಯದ ಸಮಿತಿಗಳಿಗೆ ನನ್ನದೊಂದು ಸಣ್ಣ ಸಲಹೆ, ಇದೂ ಫ್ರೀ. ವರದಿ ಬರೆಯುವುದು ಬಿಡಿ, ನಕಲು ತೆಗೆಸುವ ಖರ್ಚೂ ಉಳಿಯುತ್ತದೆ. ಮಂತ್ರಿಗಳ ಮುಂದಿನ ಸಭೆಯನ್ನು ಕೇರಿಯ ಮೋರಿ ಪಕ್ಕದ ಕೋಣೆಗೆ ಹಾಕಿಸಿ, ನಡು ಬೇಸಿಗೆಯಲ್ಲಿ, ಕಿಟಕಿ ತೆಗೆದಿಟ್ಟು.